ಹಟ್ಟಿಯಡಿಯ ಸೆಗಣಿ ಕೆರೆ

ಕಳೆದ ಶುಕ್ರವಾರ ಇಲ್ಲಿ ಕುವೈತಿನ ಸುಲೈಬಿಯಾದ ತರಕಾರಿ ಮಾರುಕಟ್ಟೆಗೆ ಹೋಗಿದ್ದೆವು. ಸಾಲ್ಮಿಯಾದ ನಮ್ಮ ಮನೆಯ ಸುತ್ತಮುತ್ತಲೇ ಬೇಕಾದಷ್ಟು ಅಂಗಡಿಗಳಿವೆ. ಆದರೂ ಅಷ್ಟು ದೂರ ಹೋಗಿ ಪೆಟ್ಟಿಗೆಗಟ್ಟಲೆ ಟೊಮೆಟೊ ತರದಿದ್ದರೆ ನನ್ನ ಹೆಂಡತಿ ಶಶಿಕಲಾಳಿಗೆ ಸಮಾಧಾನವಿಲ್ಲ. ಹೆದ್ದಾರಿಯಿಂದ ಒಳಕ್ಕೆ ತಿರುಗಿದ್ದೇ ತಡ, ತೇವದ ಗಾಳಿಯೊಂದಿಗೆ ಆ ವಾಸನೆ ಕಾರಿನೊಳಗೆ ನುಗ್ಗಿತು. ಹಿಂದಿನ ಸೀಟಿನಲ್ಲಿದ್ದ ಮಗಳು ಮೂಗು ಮುಚ್ಚಿಕೊಂಡು, “ಪಪ್ಪಾ, ಕ್ಲೋಸ್ ದ ವಿಂಡೋ!” ಎಂದು ಕಿರುಚಿದಳು. ಕಿಟಕಿ ಮುಚ್ಚಿಯೇ ಇತ್ತು. ಈ ಸುಡುಬಿಸಿಲಿನಲ್ಲಿ ಯಾವ ಪುಣ್ಯಾತ್ಮ ಕಿಟಕಿ ತೆರೆದುಕೊಂಡು ಕಾರು ಓಡಿಸುತ್ತಾನೆ? ಶಶಿಕಲಾ ನನ್ನ ಮುಖ ನೋಡಿ ನಗತೊಡಗಿದಳು. “ನಿಮ್ಮ ಹಳೆಯ ಸೆಂಟು, ಅಲ್ವಾ?” ಎಂದಳು.

ನನಗೆ ನಗು ಬರಲಿಲ್ಲ. ಈಗ ನಾನು ಒಂದು ಮಾಲ್‌ನಲ್ಲಿ ಎ.ಸಿ. ಯಂತ್ರಗಳ ಉಸ್ತುವಾರಿ ನೋಡಿಕೊಂಡು ಹಾಯಾಗಿದ್ದೇನೆ. ಆದರೆ ಅದಕ್ಕೂ ಮುಂಚಿನ ಒಂದು ಬೇಸಿಗೆಯನ್ನು ಅಲ್ಲೇ ಹತ್ತಿರದ ಹಾಲಿನ ಫಾರ್ಮೊಂದರಲ್ಲಿ ಕಳೆದೆ. ಹೆಸರಿಗೆ ಮೆಂಟೆನೆನ್ಸ್ ಸೂಪರ್‌ವೈಸರ್. ನಿಜವಾಗಿ ಸೆಗಣಿಯ ಕಾವಲುಗಾರ. ಆ ಬೇಸಿಗೆಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ಕಡೆಯ ಫಾರ್ಮುಗಳಲ್ಲೆಲ್ಲ ದನಗಳು ನೆರಳಿನ ಮಾಡಿನ ಕೆಳಗೆ, ಮರಳಿನ ಮೇಲೆ ಇರುತ್ತವೆ. ಸೆಗಣಿ ಬಿದ್ದ ಸ್ವಲ್ಪ ಹೊತ್ತಿಗೆ ಬಿಸಿಲಿಗೆ ಬೆರಣಿಯಾಗುತ್ತದೆ, ಗಾಡಿ ತಂದು ಗೋರಿಕೊಂಡು ಹೋದರೆ ಖಲಾಸ್. ಊರಿಗೇ ಒಂದು ದಾರಿಯಾದರೆ ನಮ್ಮ ಕಫೀಲನಿಗೇ ಒಂದು ದಾರಿ. ಫಾರ್ಮಿನ ಯಜಮಾನನಾದ ಆತ ಯಾವುದೋ ತಂಪು ದೇಶಕ್ಕೆ ಹೋಗಿದ್ದಾಗ ಅಲ್ಲಿನ ಹಟ್ಟಿಗಳನ್ನು ನೋಡಿ ಮರುಳಾಗಿ, ಅಂಥದ್ದೇ ಒಂದನ್ನು ಇಲ್ಲಿ ಕಟ್ಟಿಸಿದ. ನೆಲಕ್ಕೆ ಬೆರಳಗಲದ ಸಂದು ಬಿಟ್ಟು ಜೋಡಿಸಿದ ಕಾಂಕ್ರೀಟು ಪಟ್ಟಿಗಳು. ದನ ಹಾಕಿದ ಸೆಗಣಿ, ಹೊಯ್ದ ಗಂಜಳ ಎಲ್ಲವೂ ಸಂದುಗಳಲ್ಲಿ ಇಳಿದು ಕೆಳಗಿನ ಗುಂಡಿಗೆ ಬೀಳುತ್ತದೆ. ಗುಂಡಿ ಎಂದರೆ ಸಣ್ಣದಲ್ಲ, ಇಡೀ ಹಟ್ಟಿಯಷ್ಟೇ ಉದ್ದ ಅಗಲದ್ದು, ಆಳುದ್ದದ್ದು. ಮೇಲೆ ದನ, ಕೆಳಗೆ ಕೆರೆ. ನೋಡಲು ನೆಲ ಸ್ವಚ್ಛ. ಬಂದವರೆಲ್ಲ, “ಮಾಶಾ ಅಲ್ಲಾ, ಎಷ್ಟು ಕ್ಲೀನ್!” ಎನ್ನುತ್ತಿದ್ದರು. ಕೆಳಗೆ ಬಗ್ಗಿ ನೋಡಿದವರು ಒಬ್ಬರೂ ಇಲ್ಲ.

ಕೆರೆ ಎಂದೆನಲ್ಲ, ಅದು ನೀರಿನ ಕೆರೆಯ ಹಾಗೆ ಸುಮ್ಮನೆ ಇರುವಂಥದ್ದೂ ಅಲ್ಲ. ಸ್ಲರಿಯನ್ನು, ಅಂದರೆ ಸೆಗಣಿ ಗಂಜಳದ ಆ ರಾಡಿಯನ್ನು, ಹಾಗೇ ಬಿಟ್ಟರೆ ಗಟ್ಟಿಯದು ತಳಕ್ಕೆ ಕೂರುತ್ತದೆ, ಮೇವಿನ ಚೂರು ಹುಲ್ಲು ಮೇಲೆ ತೇಲಿ ಹೊದಿಕೆಯಂತೆ ಕೆನೆಗಟ್ಟುತ್ತದೆ, ನಡುವೆ ನೀರು ನಿಲ್ಲುತ್ತದೆ. ಟ್ಯಾಂಕರ್ ತಂದು ಹೀರಿದರೆ ಬರುವುದು ಆ ನೀರು ಮಾತ್ರ. ಆದ್ದರಿಂದ ಹಟ್ಟಿಯ ಹೊರಗಿರುವ ಗುಂಡಿಯ ಬಾಯಿಯಿಂದ ಟ್ರ್ಯಾಕ್ಟರಿಗೆ ಜೋಡಿಸಿದ ಮಿಕ್ಸರನ್ನು ಇಳಿಸಿ, ಚೆನ್ನಾಗಿ ಕಲಕಿ, ಎಲ್ಲ ಒಂದೇ ಹದಕ್ಕೆ ಬಂದ ಮೇಲೆ ಹೀರಬೇಕು. ಕಲಕುವಾಗಲೇ ಇರುವುದು ಗಂಡಾಂತರ. ಅಷ್ಟು ದಿನ ಸ್ಲರಿಯೊಳಗೆ ಅಡಗಿ ಕೂತ ವಿಷದ ಗಾಳಿ ಒಮ್ಮೆಲೇ ಮೇಲೆದ್ದು ಹಟ್ಟಿಯೊಳಗೆ ತುಂಬುತ್ತದೆ. ಆಗ ಒಳಗೆ ದನ ಇರಬಾರದು, ಮನುಷ್ಯ ಇರಬಾರದು, ಹೊರಗೆ ಗಾಳಿ ಬೀಸುತ್ತಿರಬೇಕು, ಒಳಗೆ ಫ್ಯಾನು ತಿರುಗುತ್ತಿರಬೇಕು.

ಇದನ್ನೆಲ್ಲ ನನಗೆ ಮೊದಲು ಹೇಳಿಕೊಟ್ಟವರು ಪೊರ್ಬುಗಳು. ಹೆಸರು ವಾಲ್ಟರ್. ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳು ಎಂದು ಕರೆಯುವುದು ರೂಢಿ. ನಾನು ಕಾರ್ಕಳದ ಕಡೆಯವನು, ಅವರು ಬೆಳ್ಮಣ್ಣಿನ ಹತ್ತಿರದವರು. ಅವರ ಮನೆಮಾತು ಕೊಂಕಣಿಯಾದರೂ ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು. ಇಲ್ಲಿ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ದನಗಳ ಮೇಲ್ವಿಚಾರಣೆ ಪೂರ್ತಿ ಅವರದು. ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಗುಂಡಿಯ ಬಾಯಿಯ ಬಳಿ ನಿಲ್ಲಿಸಿ, “ನೋಡು ದಿನೇಶ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿರುವವರೆಗೆ ಹೆದರುವುದು ಬೇಡ. ಇದ್ದಕ್ಕಿದ್ದ ಹಾಗೆ ವಾಸನೆ ನಿಂತಿತು ಅಂತಾದರೆ ಹಿಂದೆ ಮುಂದೆ ನೋಡಬೇಡ, ಓಡು. ಮೂಗು ಸತ್ತಿತು ಅಂತ ಅರ್ಥ. ಒಬ್ಬ ಬಿದ್ದ ಅಂತ ಇನ್ನೊಬ್ಬ ಒಳಗೆ ಹೋಗಿ ಅವನೂ ಬಿದ್ದ, ಅವನನ್ನು ಎತ್ತಲು ಹೋಗಿ ಮೂರನೆಯವನೂ ಬಿದ್ದ. ಇದು ಹೀಗೇ ಆಗುವುದು,” ಎಂದಿದ್ದರು.

ಇಷ್ಟು ಬಲ್ಲ ಮನುಷ್ಯ ಮಾಡುತ್ತಿದ್ದ ಕೆಲಸವೇನು? ದಿನಾ ಹಟ್ಟಿಗೆ ಮರಳು ಹಾಕುವುದು! ದನಗಳ ಮೇಲೆ ಅವರಿಗೆ ವಿಪರೀತ ಮಮತೆ. ಕಿವಿಯಲ್ಲಿ ನಂಬರಿನ ಹಳದಿ ಬಿಲ್ಲೆ ನೇತಾಡುತ್ತಿದ್ದರೂ ಎಲ್ಲಕ್ಕೂ ಹೆಸರಿಟ್ಟಿದ್ದರು. ಜೂಲಿ, ಸಿಲ್ವಿ, ಫ್ಲೋರಿನ್. ಕಾಂಕ್ರೀಟಿನ ಮೇಲೆ ಮಲಗಿ ಅವುಗಳ ಮೊಣಕಾಲು ಸವೆಯುತ್ತದೆಂದು, ನಾನಿಲ್ಲದ ಹೊತ್ತು ನೋಡಿ ಹಾಲು ಕರೆಯುವ ರಫೀಕನ ಕೈಯಿಂದ ಹೊರಗಿನ ಮರಳನ್ನು ತರಿಸಿ ಹಾಸುತ್ತಿದ್ದರು. ಅದೆಲ್ಲ ಸಂಜೆಯೊಳಗೆ ಸಂದುಗಳಲ್ಲಿ ಇಳಿದು ಗುಂಡಿ ಸೇರುತ್ತಿತ್ತು. ಧೂಳಿನ ಬಿರುಗಾಳಿ ತಂದು ಸುರಿಯುವ ಮರಳು ಸಾಲದೆಂದು ಇವರದೂ ಒಂದು ಪಾಲು. ತಳದಲ್ಲಿ ಮರಳು ಕೂತು ಸಿಮೆಂಟಾದರೆ ಮಿಕ್ಸರಿನ ರೆಕ್ಕೆ ಮುರಿಯುತ್ತದೆ.

“ಪೊರ್ಬುಗಳೇ, ದಯವಿಟ್ಟು ಮರಳು ಹಾಕಬೇಡಿ. ಮ್ಯಾಟ್ ತರಿಸುತ್ತೇನೆ ಎಂದಿದ್ದೇನಲ್ಲ?”

“ನಿನ್ನ ಮ್ಯಾಟ್ ಬರುವಾಗ ಇವುಗಳ ಕಾಲು ಹೋಗಿರುತ್ತದೆ. ನೀನು ಒಂದು ರಾತ್ರಿ ಅದರ ಮೇಲೆ ಮಲಗಿ ನೋಡು ಮಾರಾಯ, ಆಮೇಲೆ ಮಾತಾಡು.”

ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅವರು ಹೂಂ ಅನ್ನುತ್ತಿದ್ದರು, ಮಾರನೆಯ ದಿನ ಮತ್ತೆ ಮರಳು ಹಾಸಿರುತ್ತಿತ್ತು.

ಇನ್ನು ನಮ್ಮ ಮುದೀರ್, ಅಂದರೆ ಮ್ಯಾನೇಜರ್. ಈಜಿಪ್ಟಿನವನು. ಕೆಟ್ಟವನಲ್ಲ. ರಂಜಾನಿನಲ್ಲಿ ತನ್ನ ಮನೆಯಿಂದ ನಮಗೆಲ್ಲ ಊಟ ತರುತ್ತಿದ್ದವನು. ಆದರೆ ಅವನ ಬಾಯಲ್ಲಿ ‘ಬುಕ್ರಾ’ ಎಂಬ ಒಂದು ಶಬ್ದ ಅಂಟಿಕೊಂಡಿತ್ತು. ನಾಳೆ ಎಂದರ್ಥ. ಗುಂಡಿ ಕಲಕಿದರೆ ಎರಡು ದಿನ ಫಾರ್ಮೆಲ್ಲ ನಾರುತ್ತದೆ. ಕಫೀಲನಿಗೋ ಸ್ನೇಹಿತರನ್ನು ಕರೆತಂದು ತನ್ನ ಹಟ್ಟಿ ತೋರಿಸುವ ಚಟ. ಸಿಟಿಯಿಂದ ದೊಡ್ಡ ದೊಡ್ಡ ಕಾರುಗಳಲ್ಲಿ ಬಂದು, ದನ ನೋಡಿ, ಬಿಸಿ ಹಾಲು ಕುಡಿದು ಹೋಗುತ್ತಿದ್ದರು. ಬರುವವರು ಗುರುವಾರ ಬರುತ್ತಾರೋ ಶನಿವಾರ ಬರುತ್ತಾರೋ ಹೇಳುವವರಿಲ್ಲ.

“ಮುದೀರ್, ಗುಂಡಿ ತುಂಬುತ್ತಾ ಬಂತು. ಇವತ್ತು ಕಲಕಲೇಬೇಕು.”

“ಆಜ್ ಮಾಫಿ. ಮೆಹಮಾನ್ ಆತಾ ಹೈ. ಬುಕ್ರಾ, ಇನ್ಶಾ ಅಲ್ಲಾ.” ಇವತ್ತು ಆಗದು, ಅತಿಥಿಗಳು ಬರುತ್ತಾರೆ ಎಂದು.

ಮಾರನೆಯ ದಿನ ಕೇಳಿದರೆ ಅತಿಥಿಗಳು ಬಂದಿರಲಿಲ್ಲ, ಆದ್ದರಿಂದ ಇವತ್ತು ಬರಬಹುದು, ಆದ್ದರಿಂದ ಬುಕ್ರಾ. ಆ ಬುಕ್ರಾ ಕೇಳಿ ಕೇಳಿ ನನ್ನ ಕಿವಿ ತೂತಾಯಿತು.

ಅತಿಥಿಗಳಿಲ್ಲದ ದಿನವೂ ಸುಖವಿಲ್ಲ. ಬೇಸಿಗೆಯಲ್ಲಿ ನಡುಹಗಲಿನ ಬಿಸಿಲಲ್ಲಿ ಹೊರಗೆ ಕೆಲಸ ಮಾಡಿಸಬಾರದೆಂದು ಸರ್ಕಾರದ ಕಾನೂನು. ಒಳ್ಳೆಯ ಕಾನೂನೇ, ಬೇಡ ಎಂದವರಾರು? ಆದರೆ ಗಾಳಿ ಎದ್ದು ಬೀಸುವುದು ಬಿಸಿಲೇರಿದ ಮೇಲೆ. ಬೆಳಗ್ಗೆ ಕೆಲಸ ಮಾಡಬಹುದು, ಗಾಳಿಯಿಲ್ಲ. ನಡುಹಗಲು ಗಾಳಿಯಿದೆ, ಕೆಲಸ ಮಾಡುವಂತಿಲ್ಲ. ಇದರ ಮೇಲೆ ಆ ವರ್ಷ ಕರೆಂಟಿನ ಕಾಟ. ಊರಲ್ಲೆಲ್ಲ ಎ.ಸಿ. ಹಾಕಿಕೊಂಡು ಕೂತು ಕರೆಂಟು ಸಾಲದಾದಾಗ ಮೊದಲು ತೆಗೆಯುವುದು ಫಾರ್ಮು ಫ್ಯಾಕ್ಟರಿಗಳ ಕಡೆ. ಹಾಲು ಕರೆಯುವ ಕೋಣೆಗೂ ಹಾಲಿನ ಟ್ಯಾಂಕಿಗೂ ಜನರೇಟರ್ ಇತ್ತು, ಹಟ್ಟಿಯ ಫ್ಯಾನುಗಳಿಗಿರಲಿಲ್ಲ. ಒಂದು ಕೇಬಲ್ ಎಳೆದರೆ ಮುಗಿಯುವ ಕೆಲಸ. ಮುದೀರನದು ಅದಕ್ಕೂ ಬುಕ್ರಾ.

ಮನೆಗೆ ಬಂದರೆ ಇನ್ನೊಂದು ಕಥೆ. ಆಗ ಅಬ್ಬಾಸಿಯಾದಲ್ಲಿದ್ದೆವು. ನಾನು ಲಿಫ್ಟ್ ಹತ್ತಿದರೆ ಉಳಿದವರು ಇಳಿದು ಮೆಟ್ಟಿಲಲ್ಲಿ ಹೋಗುತ್ತಿದ್ದರು. ಶಶಿಕಲಾ ಆಸ್ಪತ್ರೆಯಲ್ಲಿ ನರ್ಸು, ಎಂತೆಂಥ ವಾಸನೆ ಸಹಿಸಿದವಳು. ಅವಳೇ ಬಾಗಿಲಲ್ಲಿ ಬಕೆಟ್ ಇಟ್ಟು, “ಅಂಗಿ ಪ್ಯಾಂಟು ಅಲ್ಲೇ ಬಿಚ್ಚಿ, ಒಳಗೆ ತರುದು ಬೇಡ,” ಎನ್ನುತ್ತಿದ್ದಳು. “ಸೆಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಲೇಸು ಅಂತ ನನ್ನಮ್ಮ ಹೇಳ್ತಿದ್ರು, ನಾನು ಕೇಳ್ಳಿಲ್ಲ.” ಮೂರು ಸಲ ಸೋಪು ಹಚ್ಚಿ ಮಿಂದರೂ ಮಗಳು ಹತ್ತಿರ ಬರುತ್ತಿರಲಿಲ್ಲ. ಊರಲ್ಲಿ ಅಂಗಳಕ್ಕೆ ಸೆಗಣಿ ಸಾರಿಸುವ ಮನೆಯಲ್ಲಿ ಹುಟ್ಟಿದವನು ನಾನು. ಸೆಗಣಿಯ ಮೇಲೆ ನನಗೆ ದ್ವೇಷ ಹುಟ್ಟಿದ್ದು ಕುವೈತಿಗೆ ಬಂದ ಮೇಲೆ.

ಆಗಸ್ಟ್ ಬಂತು. ದನಗಳನ್ನು ತಂಪಾಗಿಡಲು ಮೇಲಿಂದ ದಿನವಿಡೀ ನೀರು ಸಿಂಪಡಿಸುವ ವ್ಯವಸ್ಥೆಯಿತ್ತು. ಆ ನೀರೂ ಗುಂಡಿಗೇ. ದಿನಾ ಬೆಳಗ್ಗೆ ಸಂದಿನಲ್ಲಿ ಸರಳು ಇಳಿಸಿ ನೋಡುತ್ತಿದ್ದೆ. ಸ್ಲರಿಗೂ ನೆಲಕ್ಕೂ ನಡುವೆ ಒಂದು ಮೊಳ ಉಳಿದಿದ್ದುದು ಗೇಣಾಯಿತು, ಗೇಣು ಚೋಟಾಯಿತು. ಪಟ್ಟಿಗಳಿಗೆ ಸ್ಲರಿ ತಾಗಿದರೆ ಗಾಳಿಯಾಡಲು ಜಾಗವೇ ಇಲ್ಲ. ಆಮೇಲೆ ಯಾವಾಗ ಕಲಕಿದರೂ ವಿಷವೆಲ್ಲ ನೇರ ದನಗಳ ಮೂಗಿಗೆ. ಅಷ್ಟೂ ದನಗಳು ನಿಂತಲ್ಲೇ ಬೀಳಬಹುದು, ಜೊತೆಗೆ ಅವುಗಳ ನಡುವೆ ಓಡಾಡುವ ಪೊರ್ಬುಗಳೂ ರಫೀಕನೂ. ಅದನ್ನು ನೆನೆದು ನನಗೆ ನಿದ್ದೆ ಬರುತ್ತಿರಲಿಲ್ಲ. ಕೊನೆಗೊಂದು ದಿನ ಮುದೀರನ ಕೈ ಹಿಡಿದು ಎಳೆದುಕೊಂಡು ಹೋಗಿ, ಹಟ್ಟಿಯಲ್ಲಿ ಮಂಡಿಯೂರಿ ಕೂರಿಸಿ, ಟಾರ್ಚು ಬಿಟ್ಟು ತೋರಿಸಿದೆ. ಬೆರಳು ಹಾಕಿದರೆ ತಾಗುವಷ್ಟು ಹತ್ತಿರ ಕಪ್ಪಗೆ ಹೊಳೆಯುತ್ತಿತ್ತು. ಅವನ ಮುಖ ಬಿಳಿಚಿತು. ಎದ್ದು ಮೊಣಕಾಲು ಒರೆಸಿಕೊಳ್ಳುತ್ತಾ, “ಯಲ್ಲಾ, ಬುಕ್ರಾ. ಬುಕ್ರಾ ಪಕ್ಕಾ,” ಎಂದ. ಆ ಒಂದು ಬುಕ್ರಾ ಮಾತ್ರ ನಿಜವಾಯಿತು.

ಮಾರನೆಯ ದಿನ ಬೆಳಗ್ಗೆ ಹಾಲು ಕರೆದಾದ ಮೇಲೆ ದನಗಳನ್ನು ಹಟ್ಟಿಗೆ ಬಿಡದೆ, ಆಚೆ ಮಾಡಿನ ಕೆಳಗೆ ನಿಲ್ಲಿಸುವುದೆಂದು ತೀರ್ಮಾನವಾಯಿತು. ಪುಣ್ಯಕ್ಕೆ ಆ ದಿನ ಬೆಳಗ್ಗೆಯೇ ಗಾಳಿ ಎದ್ದಿತ್ತು. ಬಿಸಿಲಿನ ಝಳಕ್ಕೂ ಧೂಳಿಗೂ ತಡೆಯಾಗಿ ಹಟ್ಟಿಯ ಎರಡೂ ಬದಿಗೆ ಟಾರ್ಪಾಲಿನ ಉದ್ದನೆಯ ಪರದೆಗಳು ಇಳಿಬಿಟ್ಟಿದ್ದವು. ಅವನ್ನು ಮೇಲೆತ್ತುವ ರಾಟೆಗೆ ಮರಳು ಹೊಕ್ಕು ತುಕ್ಕು ಹಿಡಿದು ತಿಂಗಳಾಗಿತ್ತು. ಹೊಸದು ಬೇಕೆಂದು ಕೇಳಿದ್ದೆ, ಏನು ಉತ್ತರ ಬಂದಿತ್ತೆಂದು ಹೇಳಬೇಕಾಗಿಲ್ಲ. ಫ್ಯಾನುಗಳು ಜೋರಾಗಿ ತಿರುಗುತ್ತಿದ್ದುದರಿಂದ ಅಷ್ಟು ಸಾಕೆಂದುಕೊಂಡೆವು. ನಾನು ಬಾಗಿಲಲ್ಲಿ ನಿಂತು, “ಪೊರ್ಬುಗಳೇ, ಒಳಗೆ ಎಲ್ಲ ಖಾಲಿಯಾ?” ಎಂದು ಕೂಗಿದೆ.

“ಖಾಲಿ ಖಾಲಿ. ನೀನು ಶುರು ಮಾಡು.”

ಖಾಲಿಯಿರಲಿಲ್ಲ. ಹಟ್ಟಿಯ ಆಚೆ ತುದಿಯ ಮೂಲೆಯಲ್ಲಿ, ಕರು ಹಾಕುವ ದನಗಳಿಗೆಂದು ಪೈಪು ಕಟ್ಟಿ ಬೇರೆ ಮಾಡಿದ ಜಾಗದಲ್ಲಿ, ಜೂಲಿ ಮಲಗಿತ್ತು. ಬೆಳಗ್ಗೆಯೇ ಅದಕ್ಕೆ ನೋವು ಶುರುವಾಗಿತ್ತು. ಕರು ಹಾಕಲು ಕೂತ ದನವನ್ನು ಎಬ್ಬಿಸಿ ಹೊಸ ಜಾಗಕ್ಕೆ ನಡೆಸಬಾರದೆಂದು ನಮ್ಮ ಕಡೆ ಹೇಳುತ್ತಾರೆ. ನನ್ನ ಮನೆಯಲ್ಲೂ ಹೇಳುತ್ತಿದ್ದರು. ಅದನ್ನು ಈ ಬಿಸಿಲಿಗೆ ಎಬ್ಬಿಸಲು ಪೊರ್ಬುಗಳಿಗೆ ಮನಸ್ಸು ಬರಲಿಲ್ಲ. ಹೇಳಿದರೆ ನಾನು ಕೆಲಸ ನಿಲ್ಲಿಸುತ್ತೇನೆಂದು ಗೊತ್ತು. ನಿಲ್ಲಿಸಿದರೆ ಮತ್ತೆ ಬುಕ್ರಾ ಎಂಬುದೂ ಗೊತ್ತು. ಮೂಲೆಯಲ್ಲೊಂದು ಫ್ಯಾನು ತಿರುಗುತ್ತಿದೆ, ಸಾಕು ಎಂದು ಅವರ ಲೆಕ್ಕ. ಇಷ್ಟು ವರ್ಷ ಗಲ್ಫಿನಲ್ಲಿದ್ದು, ನನಗೆ ಪಾಠ ಹೇಳಿದ ಮನುಷ್ಯನ ಲೆಕ್ಕ ಇದು!

ಟ್ರ್ಯಾಕ್ಟರ್ ಚಾಲೂ ಮಾಡಿದೆ. ಮಿಕ್ಸರ್ ಮೊದಲು ತಳದ ಮರಳಿಗೆ ತಾಗಿ ಗರಗರ ಎಂದಿತು, ಆಮೇಲೆ ಹದಕ್ಕೆ ಬಂತು. ಮೇಲಿನ ಕೆನೆ ಒಡೆದು ಮಗುಚತೊಡಗಿತು. ಕೊಳೆತ ಮೊಟ್ಟೆಯ ವಾಸನೆ ಎಷ್ಟೆಂದರೆ ಹೊರಗೆ ನಿಂತ ನನಗೇ ಕಣ್ಣಲ್ಲಿ ನೀರು. ಆ ಗದ್ದಲದಲ್ಲಿ ಪೊರ್ಬುಗಳು ಆಚೆ ತುದಿಯ ಸಣ್ಣ ಬಾಗಿಲಿನಿಂದ ಜೂಲಿಯನ್ನು ನೋಡಲು ಒಳಗೆ ಹೋದದ್ದು ನನಗೆ ಕಾಣಲಿಲ್ಲ. ಆಗ ಕರೆಂಟು ಹೋಯಿತು.

ಫ್ಯಾನುಗಳ ಸದ್ದು ನಿಧಾನಕ್ಕೆ ಇಳಿಯುತ್ತಾ ಬಂದದ್ದು ಕೇಳಿ ತಟ್ಟನೆ ಟ್ರ್ಯಾಕ್ಟರ್ ಆರಿಸಿದೆ. ಎಲ್ಲ ನಿಶ್ಶಬ್ದವಾದಾಗ ಖಾಲಿ ಹಟ್ಟಿಯೊಳಗಿಂದ ದನವೊಂದು ಕೂಗಿತು. ಬಾಗಿಲಿಗೆ ಓಡಿದೆ. ಒಳಗಿನ ಮಬ್ಬು ಬೆಳಕಿನಲ್ಲಿ, ಆಚೆ ಮೂಲೆಯಲ್ಲಿ, ಪೊರ್ಬುಗಳು ದನದ ಪಕ್ಕ ಮೊಣಕಾಲೂರಿ ಕೂತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಕೈ ಎತ್ತಿದರು. ಹಾಗೇ ಪಕ್ಕಕ್ಕೆ ವಾಲಿದರು.

ನಾನು ಒಂದು ಹೆಜ್ಜೆ ಒಳಗಿಟ್ಟಿದ್ದೆ. ಆವರೆಗೆ ಮೂಗು ಸುಡುತ್ತಿದ್ದ ವಾಸನೆ ಆಗ ಇಲ್ಲವಾಗಿತ್ತು. ತಿರುಗಿ ಓಡಿದೆ.

ಹಟ್ಟಿಯನ್ನು ಬಳಸಿಕೊಂಡು, ಗಾಳಿ ಬೀಸುತ್ತಿದ್ದ ಬದಿಯಿಂದ, ಆ ಮೂಲೆಯ ಹೊರಗಡೆಗೆ. “ರಫೀಕ್! ಚಾಕು!” ಎಂದು ಕಿರುಚುತ್ತಿದ್ದೆ. ಹುಲ್ಲಿನ ಕಟ್ಟು ಬಿಡಿಸುವ ಚಾಕು ಹಿಡಿದು ಅವನು ಓಡಿ ಬಂದ. ತುಕ್ಕು ಹಿಡಿದ ರಾಟೆಯ ಜೊತೆ ಗುದ್ದಾಡಲು ಸಮಯವಿರಲಿಲ್ಲ, ಪರದೆಯ ಹಗ್ಗಗಳನ್ನೇ ಕತ್ತರಿಸಿದೆ. ಟಾರ್ಪಾಲು ದೊಪ್ಪನೆ ಕಳಚಿ ಬಿತ್ತು. ಬಿಸಿಗಾಳಿ ನಮ್ಮ ಬೆನ್ನ ಹಿಂದಿನಿಂದ ಒಳಕ್ಕೆ ನುಗ್ಗಿತು. ರಫೀಕ್ ಪೈಪು ಹಾರಿ ಒಳಗೆ ಜಿಗಿಯಲು ಹೊರಟ. ಅವನ ಕಾಲರು ಹಿಡಿದು ಹಿಂದಕ್ಕೆಳೆದೆ, ಅವನು ನನಗೆ ಮೊಣಕೈಯಿಂದ ಗುದ್ದಿದ. “ಛೋಡ್ ಭಾಯಿ, ಮರ್ ಜಾಯೇಗಾ!” ಎಂದು ಅಳುತ್ತಿದ್ದ. ಗಾಳಿ ಒಳಗನ್ನು ತೊಳೆಯುವವರೆಗೆ ಅವನನ್ನು ಹಿಡಿದುಕೊಂಡು ನಿಂತೆ. ಅದಕ್ಕಿಂತ ಉದ್ದದ ಹೊತ್ತನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಆಮೇಲೆ ಇಬ್ಬರೂ ಹೊರಗೇ ಮಲಗಿ, ಪೈಪಿನ ಕೆಳಗಿಂದ ಕೈ ಚಾಚಿದೆವು. ಪೊರ್ಬುಗಳ ಬೆಲ್ಟು ಸಿಕ್ಕಿತು, ಎಳೆದು ಹೊರಗೆ ತಂದೆವು. ಮುಖ ನೀಲಿಗಟ್ಟಿತ್ತು. ಮರಳಿನ ಮೇಲೆ ಮಲಗಿಸಿ ಕೆನ್ನೆಗೆ ಬಡಿದು, ಎದೆ ತಿಕ್ಕಿ, ಕೊನೆಗೊಮ್ಮೆ ಅವರು ಕೊರಕ್ಕೆಂದು ಉಸಿರೆಳೆದಾಗ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆನಂತೆ. ರಫೀಕ್ ಆಮೇಲೆ ಹೇಳಿದ.

ಜೂಲಿ ಸತ್ತಿತು, ಹೊಟ್ಟೆಯೊಳಗಿನ ಕರುವೂ ಸತ್ತಿತು. ಹಟ್ಟಿಯ ಫ್ಯಾನುಗಳಿಗೆ ಜನರೇಟರಿನ ಕೇಬಲ್ ಆ ಸಂಜೆಯೇ ಬಂತು, ರಾಟೆ ಮಾರನೆಯ ದಿನ ಬಂತು, ರಬ್ಬರ್ ಮ್ಯಾಟುಗಳು ಅದೇ ವಾರ ಬಂದವು. ಬೇಸಿಗೆಯಿಡೀ ಬೇಡಿದ್ದಕ್ಕೆ ಬಾಯಿನೋವು ಬಿಟ್ಟರೆ ನನಗೇನೂ ಸಿಕ್ಕಿರಲಿಲ್ಲ. ಕೇಬಲ್ ಎಳೆಯುತ್ತಿದ್ದವರ ಪಕ್ಕ ನಿಂತಿದ್ದ ಮುದೀರ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಪೊರ್ಬುಗಳಿಗೆ ಪ್ರಜ್ಞೆ ಚೆನ್ನಾಗಿ ಬಂದ ಮೇಲೆ ಆಸ್ಪತ್ರೆಗೆ ಹೋದೆ. ಬೈಯಬೇಕೆಂದೇ ಹೋದವನು ನಾನು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಾನು ಕುರ್ಚಿ ಎಳೆದು ಕೂರುವಷ್ಟರಲ್ಲಿ ಅವರೇ ಮೆತ್ತಗೆ ಕೇಳಿದರು.

“ನೀನು ಯಾಕೆ ಓಡಿದೆ ಮಾರಾಯ? ನಾನು ಕೈ ಎತ್ತಿದ್ದು ಕಾಣಲಿಲ್ಲವಾ?”

ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಎಲ್ಲವನ್ನೂ ವಿವರಿಸಿದೆ. ಒಳಗೆ ಬಂದಿದ್ದರೆ ಇಬ್ಬರೂ ಹೋಗುತ್ತಿದ್ದೆವು, ನೀವೇ ಹೇಳಿಕೊಟ್ಟದ್ದಲ್ಲವೇ ಎಂದೆ. ಪರದೆ ಕತ್ತರಿಸಿದ್ದು, ಎಳೆದು ಹಾಕಿದ್ದು ಹೇಳಿದೆ. ರಫೀಕನನ್ನು ಕರೆದುಕೊಂಡು ಹೋಗಿ ಅವನ ಬಾಯಿಂದಲೂ ಹೇಳಿಸಿದೆ. ಪೊರ್ಬುಗಳು ಎಲ್ಲದಕ್ಕೂ ತಲೆಯಾಡಿಸಿ, “ಹೌದು ಹೌದು, ನೀನು ಮಾಡಿದ್ದೇ ಸರಿ,” ಎಂದರು. ಆದರೆ ಅವರ ಕಣ್ಣು ಕಂಡದ್ದು ನನ್ನ ಬೆನ್ನನ್ನು ಮಾತ್ರ. ಅದರ ಮುಂದಿನದೆಲ್ಲ ಅವರ ಪಾಲಿಗೆ ಬೇರೆಯವರು ಹೇಳಿದ ಕಥೆ.

ಆ ಡಿಸೆಂಬರಿನಲ್ಲಿ ಕ್ರಿಸ್ಮಸ್ ಊಟಕ್ಕೆ ನಮ್ಮನ್ನು ಕರೆದರು. ಅವರ ಸಂಸಾರವೂ ಅಬ್ಬಾಸಿಯಾದಲ್ಲೇ ಇತ್ತು. ಎರಡು ಕೋಣೆಯ ಮನೆ ತುಂಬ ಊರಿನ ಜನ. ಊಟವಾದ ಮೇಲೆ ಯಾರೋ ಆ ವಿಷಯ ಎತ್ತಿದರು. ಪೊರ್ಬುಗಳು ಉತ್ಸಾಹದಿಂದ ಎದ್ದು ನಿಂತು, “ನಾನು ಹೀಗೆ ಕೈ ಎತ್ತಿದೆ, ಇವನು ಹೀಗೆ ನೋಡಿದ, ತಿರುಗಿ ಎದ್ದೆನೋ ಬಿದ್ದೆನೋ ಅಂತ ಓಡಿದ ನೋಡಿ!” ಎಂದು ನನ್ನ ಓಟವನ್ನು ಅಭಿನಯಿಸಿ ತೋರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. “ಹಗ್ಗ ಕತ್ತರಿಸಿದ್ದು ಯಾರು, ಅದನ್ನೂ ಹೇಳಿ,” ಎಂದೆ. “ಅದು ಆಮೇಲೆ, ಅದು ಆಮೇಲೆ,” ಎಂದು ನನ್ನ ಹೆಗಲು ತಟ್ಟಿದರು. ಅವರಿಗೆ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಮುಗಿಸಿಕೊಳ್ಳಬಹುದಿತ್ತು.

ಹೊರಡುವಾಗ ಪೊರ್ಬುಗಳ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದರು. ನಮ್ಮ ಕಡೆ ಅವರನ್ನು ಬಾಯಮ್ಮ ಎನ್ನುತ್ತೇವೆ. ಮಗಳಿಗೆಂದು ಡಬ್ಬಿಯಲ್ಲಿ ನೆವ್ರಿ, ಚಕ್ಕುಲಿ ತುಂಬುತ್ತಾ, ಹೊರಗಿನವರಿಗೆ ಕೇಳಿಸದ ಹಾಗೆ ಹೇಳಿದರು. “ದಿನೇಶಣ್ಣ, ಅವರು ತಮಾಷೆಗೆ ಹೇಳುದು, ನೀವು ಮನಸ್ಸಿಗೆ ಹಚ್ಕೊಳ್ಬೇಡಿ. ನೀವು ಓಡಿದ್ದಕ್ಕೆ ನನಗೆ ಬೇಜಾರಿಲ್ಲ. ನಿಮಗೂ ಹೆಂಡ್ತಿ ಮಗಳು ಇದ್ದಾರಲ್ಲ.”

ಆ ತಾಯಿ ನನ್ನನ್ನು ಕ್ಷಮಿಸುತ್ತಿದ್ದರು. ನಾನು ಬಾಯಿ ತೆರೆದೆ. ಅವರ ಕಣ್ಣಲ್ಲಿ ನೀರಿತ್ತು. ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಾಕಿ ನನ್ನ ಕಡೆ ಚಾಚಿದರು.

“ಆಯ್ತು ಬಾಯಮ್ಮ,” ಎಂದು ತೆಗೆದುಕೊಂಡೆ.